ದೊಡ್ಡಬಳ್ಳಾಪುರದಲ್ಲೊಂದು ಬೀಗದ ಕೈ

ದೊಡ್ಡಬಳ್ಳಾಪುರ ಬಂತೆಂದು ತಿಳಿಯಲು ಊರ ಫಲಕ ನೋಡಬೇಕಾಗಿಲ್ಲ. ನೇಕಾರರ ಬೀದಿಗೆ ಕಾಲಿಟ್ಟರೆ ಸಾಕು, ಮನೆಮನೆಯಿಂದಲೂ ವಿದ್ಯುತ್ ಮಗ್ಗಗಳ ಲಟಪಟ ಸದ್ದು! ನಡುಮನೆಯ ಪಕ್ಕದಲ್ಲೇ ಮಗ್ಗ, ಅದರಾಚೆ ಅಡುಗೆಮನೆ. ಒಗ್ಗರಣೆ ಸಿಡಿದದ್ದು ವಾಸನೆಯಿಂದ ಗೊತ್ತಾಗಬೇಕೇ ಹೊರತು ಕಿವಿಗಲ್ಲ. ಅದಕ್ಕೇ ಇರಬೇಕು, ನಮ್ಮ ದೊಡ್ಡಮ್ಮ ಫೋನಿನಲ್ಲೂ ಕೂಗಿಯೇ ಮಾತಾಡುವುದು.

ಹೋದ ಮಾಘದಲ್ಲಿ ಅವರ ಮೊಮ್ಮಗಳ ಮದುವೆ. ತುಮಕೂರಿನಿಂದ ದಾಬಸ್‌ಪೇಟೆ ಮೇಲೆ ಬಸ್ಸು ಹಿಡಿದು ನಾಲ್ಕು ದಿನ ಮುಂಚೆಯೇ ಹೋದೆ. "ಚಪ್ಪರ ಹಾಕೋಕೆ ಮುಂಚೆ ಘಾಟಿಗೆ ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡು ಬರೋಣ ಬಾರೇ" ಅಂದರು ದೊಡ್ಡಮ್ಮ.

ಘಾಟಿ ಸುಬ್ರಹ್ಮಣ್ಯ ಅಲ್ಲಿಗೆ ಸುಮಾರು 15 ಕಿಲೋಮೀಟರು. ದಾರಿಯುದ್ದಕ್ಕೂ ಬಂಡೆಗುಡ್ಡಗಳು, ಹತ್ತಿರದಲ್ಲೇ ಮಾಕಳಿದುರ್ಗದ ಬೆಟ್ಟ. ಹೆಸರಾದ ದನಗಳ ಜಾತ್ರೆ ಆಗಲೇ ಮುಗಿದಿತ್ತು. ಗರ್ಭಗುಡಿಯಲ್ಲಿ ಒಂದೇ ವಿಗ್ರಹದಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂಬದಿಯ ನರಸಿಂಹನೂ ಭಕ್ತರಿಗೆ ಕಾಣಲೆಂದು ಹಿಂದೆ ಕನ್ನಡಿ ಇಟ್ಟಿದ್ದಾರೆ. ಹೊರಗೆ, ಮಕ್ಕಳ ಫಲ ಬೇಡಿ ಹರಸಿಕೊಂಡವರು ನಿಲ್ಲಿಸಿದ ನಾಗರಕಲ್ಲುಗಳ ಸಾಲೋ ಸಾಲು. ಅಲ್ಲಿ ಹಾಲೆರೆದು ಅಡ್ಡಬೀಳುವಾಗ ದೊಡ್ಡಮ್ಮ ಸೊಂಟದಿಂದ ಬೀರುವಿನ ಬೀಗದ ಕೈ ತೆಗೆದು, "ಚುಚ್ಚುತ್ತೆ ಕಣೇ, ಸ್ವಲ್ಪ ಹಿಡ್ಕೋ" ಎಂದು ನನ್ನ ಕೈಗೆ ಕೊಟ್ಟರು. ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ ಗಂಟೂ ಇಲ್ಲ, ಕೈಯೂ ಇಲ್ಲ!

ನನ್ನ ಪಾಡು ಏನು ಹೇಳಲಿ! ಸೊಸೆಗೂ ಕೊಡದೆ ಇಟ್ಟುಕೊಂಡಿದ್ದ ಕೈ ಅದು. ಬೀರುವಿನೊಳಗೆ ಇದ್ದದ್ದು ದೊಡ್ಡಪ್ಪ ತಮ್ಮ ಮೊದಲ ಮಗ್ಗದಲ್ಲಿ ನೇಯ್ದ ಮೊದಲ ರೇಷ್ಮೆ ಸೀರೆ, ಅರಿಶಿನದ ಒಡಲು, ಕುಂಕುಮದ ಅಂಚು. ದೊಡ್ಡಪ್ಪ ಈಗಿಲ್ಲ. ಮೊಮ್ಮಗಳು ಧಾರೆಗೆ ಅದನ್ನೇ ಉಡಬೇಕೆಂಬುದು ದೊಡ್ಡಮ್ಮನ ಆಸೆ. ಇನ್ನೊಂದು ಕೈ ಇಲ್ಲವೇ ಅಂದಿರಾ? ಇತ್ತು, ಅದೇ ಬೀರುವಿನ ಲಾಕರಿನಲ್ಲಿ! ನಗಬೇಡಿ, ನಿಮ್ಮ ಮನೆಯದು ಎಲ್ಲಿದೆ ನೋಡಿಕೊಂಡು ಬನ್ನಿ.

"ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಗ್ಯಾಸಿನಲ್ಲಿ ಕೊರೆಸಿಬಿಡೋಣ" ಅಂದ ಅಣ್ಣ. "ಕಿಡಿ ಸೀರೆಗೆ ಹಾರಿದರೆ ನೀನು ನೇಯ್ದು ಕೊಡ್ತೀಯೇನೋ?" ಅಂದರು ದೊಡ್ಡಮ್ಮ. ಅಣ್ಣ ಸುಮ್ಮನಾದ. ಪುರಿ ಜಗನ್ನಾಥನ ರತ್ನಭಂಡಾರದ ಕಥೆಯೂ ಇದೇ ಅಲ್ಲವೇ? ಒಳಕೋಣೆಯ ಕೈ ಕಾಣೆಯಾಗಿದೆಯೆಂದು 2018ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ನಕಲಿ ಕೈ ಸಿಕ್ಕಿತೆಂದರು. 2024ರ ಜುಲೈನಲ್ಲಿ ತೆರೆಯಹೋದಾಗ ಅದೂ ಹಿಡಿಯದೆ, ಕೊನೆಗೆ ಬೀಗ ಒಡೆದೇ ತೆಗೆದರು.

ಬಸ್ ನಿಲ್ದಾಣದ ಕಡೆ, ಬಳೆಬಳೆಯಾಗಿ ಕೈಗಳನ್ನು ನೇತುಹಾಕಿಕೊಂಡು ಕೂರುವ ಬೀಗ ರಿಪೇರಿಯವರೊಬ್ಬರನ್ನು ಅಣ್ಣ ಕರೆತಂದ. ವಯಸ್ಸಾದವರು. ಬಂದವರೇ ಬೀರು ಮುಟ್ಟಲಿಲ್ಲ. "ಮನೆಯ ಯಜಮಾನರು ಯಾರು? ಅವರು ಇಲ್ಲೇ ಕೂತಿರಬೇಕು" ಅಂದರು. ನನಗೆ ಅದು ಹಿಡಿಸಿತು. ಕೇಳದೆ ಬೀಗ ತೆಗೆಯುವವರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಹೇಗೆ? ದೊಡ್ಡಮ್ಮ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು.

ಮಾದರಿ ಕೈ ಇದ್ದರೆ ಅಂಗಡಿಯಲ್ಲಿ ಯಂತ್ರಕ್ಕೆ ಕೊಟ್ಟು ಚಿಟಿಕೆ ಹೊಡೆಯುವುದರೊಳಗೆ ಇನ್ನೊಂದು ಮಾಡಿಸಬಹುದು. ಮಾದರಿಯೇ ಇಲ್ಲದಿದ್ದರೆ ಬೀಗವನ್ನೇ ಕೇಳಬೇಕು! ಅವರು ಹಲ್ಲು ಕೊರೆಯದ ಹೊಸ ಕೈಯೊಂದನ್ನು ಆರಿಸಿ, ಅದರ ತುದಿಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದರು. ನಾವು ಕಾಡಿಗೆ ಹಿಡಿಯುವುದಿಲ್ಲವೇ, ಹಾಗೆಯೇ ಮಸಿ ಕೂತಿತು. ಬೀಗದೊಳಗೆ ಹಾಕಿ ಮೆಲ್ಲಗೆ ತಿರುಗಿಸಿ ತೆಗೆದರೆ ಮಸಿಯಲ್ಲಿ ಸಣ್ಣ ಸಣ್ಣ ಹೊಳೆಯುವ ಗೀರುಗಳು. ಒಳಗಿನ ಪಟ್ಟಿಗಳು ತಗುಲಿದ ಜಾಗ ಅದು. ಅಲ್ಲಿ ಅರದಿಂದ ಎರಡು ಸಲ ಉಜ್ಜುವುದು, ಮತ್ತೆ ಮಸಿ, ಮತ್ತೆ ಬೀಗ. ಒಂದೊಂದು ಪಟ್ಟಿಯನ್ನೂ ಕೈಯ ಹಲ್ಲು ಸರಿಯಾಗಿ ಇಷ್ಟೇ ಎತ್ತರಕ್ಕೆ ಎತ್ತಬೇಕಂತೆ. ಕಡಿಮೆಯಾದರೂ ತೆರೆಯದು, ಹೆಚ್ಚಾದರೂ ತೆರೆಯದು. ಹೆಚ್ಚು ಉಜ್ಜಿಬಿಟ್ಟರೆ ಆ ಕೈ ಬಿಸಾಡಿ ಮೊದಲಿನಿಂದ ಶುರು.

ನಾಲ್ಕೈದು ಸಲ ಹೀಗೆ ಮಾಡಿ ಅವರು ತಲೆ ಎತ್ತಿದರು. "ಅಮ್ಮಾ, ಗೋಡೆ ನಡುಗ್ತಾ ಇದೆ, ಬೆರಳಿಗೆ ಏನೂ ತಿಳೀತಿಲ್ಲ. ಮಗ್ಗ ನಿಲ್ಲಿಸ್ತೀರಾ?"

ಮದುವೆ ಖರ್ಚಿನ ಹೊತ್ತಿನಲ್ಲಿ ಮಗ್ಗ ನಿಲ್ಲಿಸುವುದೆಂದರೆ ಅಣ್ಣನಿಗೆ ಸಂಕಟವೇ. ಆದರೂ ನಿಲ್ಲಿಸಿದ. ಆ ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕಂಡದ್ದು ಅದೇ ಮೊದಲು. ಅರದ ಕಿರ್ ಕಿರ್, ಅಡುಗೆಮನೆಯಲ್ಲಿ ಬೇಳೆ ಕುದಿಯುವ ಸದ್ದು, ಅಷ್ಟೇ. ನಾನು ಮನಸ್ಸಿನಲ್ಲೇ ಘಾಟಿಯಪ್ಪನಿಗೆ ಇನ್ನೊಂದು ಕಾಯಿ ಹೇಳಿಕೊಂಡೆ. ಸುಮಾರು ಒಂದು ಗಂಟೆಯಾಗಿರಬೇಕು, 'ಟಕ್' ಅಂತು.

ಸೀರೆಯ ಬಣ್ಣ ಹಾಗೇ ಇತ್ತು. ಮಡಿಕೆಯ ಗೆರೆಯಲ್ಲಿ ಒಂದೆರಡು ಎಳೆ ಬಿಟ್ಟಿತ್ತು. ವರ್ಷಕ್ಕೆರಡು ಸಲವಾದರೂ ಮಡಿಕೆ ಬದಲಿಸದಿದ್ದರೆ ರೇಷ್ಮೆ ಹೀಗಾಗುತ್ತದೆಂದು ನೇಕಾರರ ಮನೆಯವರಿಗೇ ನಾನು ಹೇಳಲೇ?

ಹಳೆಯ ಜೋಡಿ ಕೈ ಲಾಕರಿನಿಂದ ಹೊರಬಂತು. ದೊಡ್ಡಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. ನನ್ನ ಕಡೆ ಒಂದು ಸಲ ನೋಡಿದರು, ನಾನು ತಲೆ ತಗ್ಗಿಸಿದೆ. ಆಮೇಲೆ ಅತ್ತಿಗೆಯನ್ನು ಕರೆದು, "ಸಾಸಿವೆ ಡಬ್ಬಿಯಲ್ಲಿ ಹಾಕಿಡಮ್ಮ. ಗಂಡಸರಿಗೆ ಹೇಳಬೇಡ" ಅಂದರು. ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾದ ಮೇಲೆ ಆ ಬೀರುವಿನ ಕೈ ಅತ್ತಿಗೆಯ ಕೈಗೆ ಬಂದದ್ದು ಅದೇ ಮೊದಲು. ಅತ್ತಿಗೆ ಏನೋ ಹೇಳಿದರು. ಅಷ್ಟರಲ್ಲಿ ಅಣ್ಣ ಮಗ್ಗ ಶುರು ಮಾಡಿಬಿಟ್ಟಿದ್ದ, ನನಗೆ ಕೇಳಿಸಲಿಲ್ಲ.