ಬಾವಿಯಲ್ಲಿ ನೀರಿದ್ದರೆ

ಅಂಬಡ್‌ಗೆ ಹೋಗಿದ್ದೆ ಅಂದರೆ ನಾಶಿಕದ ಕೈಗಾರಿಕಾ ಪ್ರದೇಶ ಅಂದುಕೊಳ್ಳುವವರೇ ಹೆಚ್ಚು. ನಾನು ಹೋದದ್ದು ಮರಾಠವಾಡದ ಜಾಲ್ನಾ ಜಿಲ್ಲೆಯ ಅಂಬಡ್‌ಗೆ, ನನ್ನ ಗಂಡನ ಸೋದರಮಾವನ ಮೋಸಂಬಿ ತೋಟಕ್ಕೆ. ಡಿಸೆಂಬರ್ ಕೊನೆ. ಎಲೆಗಳು ಬಾಡಿ ಹಳದಿಯಾಗಿದ್ದವು, ಕೆಲವು ಉದುರಿದ್ದವು.

‘ನೀರು ಬಿಟ್ಟಿಲ್ವಾ ಮಾಮಾ?’

‘ತಾಣ್ ಕೊಟ್ಟಿದ್ದೀನಿ.’

ಮರಾಠಿಯಲ್ಲಿ ತಾಣ್ ಅಂದರೆ ಎಳೆತ, ಒತ್ತಡ. ಆಫೀಸಿನಲ್ಲಿ ನಮಗೆ ಆಗುವುದಕ್ಕೂ ಅದೇ ಪದ. ಸದಾ ನೀರು ಸಿಕ್ಕರೆ ಮೋಸಂಬಿ ಚಿಗುರುತ್ತಲೇ ಇರುತ್ತದೆ. ಹೂವು ಅಲ್ಲೊಂದು ಇಲ್ಲೊಂದು. ನೀರು ನಿಲ್ಲಿಸಿದರೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ, ಎಲೆಯ ಸಣ್ಣ ರಂಧ್ರಗಳು ಮುಚ್ಚುತ್ತವೆ, ಚಿಗುರು ನಿಲ್ಲುತ್ತದೆ, ಚಿಗುರಿಗೆ ಖರ್ಚಾಗಬೇಕಿದ್ದ ಪಿಷ್ಟ ಕೊಂಬೆಯಲ್ಲೇ ಉಳಿಯುತ್ತದೆ. ಆಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಜನವರಿ–ಫೆಬ್ರವರಿಯಲ್ಲಿ ತೋಟವೆಲ್ಲ ಒಟ್ಟಿಗೆ ಹೂ. ಮಾವು ಹೂ ಬಿಡುವ ಕಾಲವೂ ಅದೇ, ಹಾಗಾಗಿ ಆಂಬೆ ಬಹಾರ್. ನಮ್ಮ ಮಲೆನಾಡಿನ ಕಾಫಿಯೂ ಹೀಗೆಯೇ. ಬೇಸಿಗೆಯ ಒಣಗಿನಲ್ಲಿ ಕಾದು ಕೂತ ಮೊಗ್ಗು ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಅರಳುತ್ತದೆ.

ಆ ವರ್ಷ ನನ್ನದೂ ಒಣಗಿದ ಕಾಲ. ದೊಡ್ಡ ಅನುವಾದವೊಂದರ ದುಡ್ಡು ಏಳು ತಿಂಗಳಿಂದ ಬಂದಿರಲಿಲ್ಲ. ಮನೆ ಬಾಡಿಗೆಗೆ ಅಮ್ಮನ ಹತ್ತಿರ ಕೈಚಾಚಿದ್ದೆ. ಹೇಳಿಕೊಂಡರೆ ಎಲ್ಲರದೂ ಒಂದೇ ಸಮಾಧಾನ: ಕಷ್ಟ ಬಂದರೇ ಮನುಷ್ಯ ಅರಳುವುದು. ಆ ಮರಗಳನ್ನು ನೋಡಿ ನನಗೂ ಹೌದೆನಿಸಿತು. ಮಾಮಾಗೆ ಹೇಳಿಯೂ ಬಿಟ್ಟೆ.

ಅವರು ನಗಲಿಲ್ಲ. ಬೇಲಿಯಾಚೆಯ ಹತ್ತಿ ಹೊಲ ತೋರಿಸಿದರು. 2012–13ರ ಬರದವರೆಗೆ ಅಲ್ಲಿ ಇನ್ನೂರು ಮೋಸಂಬಿ ಮರಗಳಿದ್ದವಂತೆ. ಆ ಬರದಲ್ಲಿ ಜಾಲ್ನಾ ಜಿಲ್ಲೆಯುದ್ದಕ್ಕೂ ತೋಟಗಳು ಒಣಗಿದವು. ಕೆಲವರು ಟ್ಯಾಂಕರ್ ನೀರು ಕೊಂಡು ಉಳಿಸಿಕೊಂಡರು, ಉಳಿದವರು ಕಡಿದು ಸೌದೆ ಮಾಡಿದರು. ಮಾಮಾ ಎರಡನ್ನೂ ಮಾಡಿದ್ದರು. ಮೊದಲು ಟ್ಯಾಂಕರ್, ಆಮೇಲೆ ಕೊಡಲಿ.

‘ಅವಕ್ಕೂ ತಾಣ್ ಆಗಿತ್ತು. ಹೂ ಬಿಟ್ಟವಾ?’ ಎಂದರು. ‘ನಾನು ಕೊಟ್ಟಿರೋದಕ್ಕೆ ದಿನದ ಲೆಕ್ಕ ಇದೆ. ಬಾವಿಯಲ್ಲಿ ನೀರಿದೆ. ನೀರಿಲ್ಲದವನು ತಾಣ್ ಕೊಡಬಾರದು.’

ಕನ್ನಡದಲ್ಲಿ ತಾಣ ಅಂದರೆ ನೆಲೆ, ಇರುವ ಜಾಗ. ಎರಡು ಪದಗಳ ಮೂಲ ಬೇರೆ ಬೇರೆ. ಆದರೂ ಬಸ್ಸಿನಲ್ಲಿ ಮರಳುವಾಗ ಅವು ತಲೆಯಲ್ಲಿ ಕೂಡಿಕೊಂಡವು. ಗಿಡ ತನ್ನ ತಾಣ ಬಿಟ್ಟು ಹೋಗಲಾರದು. ಅದಕ್ಕೇ ರಂಧ್ರ ಮುಚ್ಚುವುದು, ಎಲೆ ಉದುರಿಸುವುದು. ಅದಕ್ಕಿರುವ ದಾರಿ ಅಷ್ಟೇ. ನನಗೆ ಕಾಲಿದೆ, ಬಾಯಿಯೂ ಇದೆ.

ಆ ರಾತ್ರಿಯೇ ಪತ್ರ ಬರೆದೆ: ಹಳೆಯ ಬಾಕಿ ಬರುವವರೆಗೆ ಮುಂದಿನ ಅಧ್ಯಾಯ ಕಳಿಸುವುದಿಲ್ಲ.

ಫೆಬ್ರವರಿಯಲ್ಲಿ ಮಾಮಾ ಹೂವಿನ ಫೋಟೊ ಕಳಿಸಿದರು. ದುಡ್ಡು ಏಪ್ರಿಲ್‌ನಲ್ಲಿ ಬಂತು, ಅರ್ಧ. ಉಳಿದ ಅಧ್ಯಾಯಗಳು ಇನ್ನೂ ನನ್ನ ಹತ್ತಿರವೇ ಇವೆ.