ಖಾರ ಬೇಕು, ಕುಟ್ಟಿದ ಕೈ ಬೇಡ



ಸ್ವಲ್ಪ ಉದ್ದದ ಪೋಸ್ಟು, ಬಿಡುವು ಮಾಡ್ಕೊಂಡು ಓದಿ. ಊಟದ ವಿಷಯ ಅಂತ ಹಗುರಾಗಿ ತಗೋಬೇಡಿ. ನಾವು ಏನು ತಿಂತೀವಿ ಅನ್ನೋದನ್ನೇ ಹಿಡಿದು ನಮ್ಮನ್ನ ಊರಾಚೆ ಇಟ್ಟವರ ನಾಡಿದು.

ಥಾಯ್ ಊಟ ಅಂದ್ರೆ ನಮಗೆ ಬೆಂಗಳೂರಲ್ಲಿ ಗೊತ್ತಿರೋದು ಎರಡೇ. ತೆಂಗಿನ ಹಾಲು ಹಾಕಿದ ಹಸಿರು ಕರ್ರಿ, ಆಮೇಲೆ ಪ್ಯಾಡ್ ಥಾಯ್ ಅನ್ನೋ ನೂಡಲ್ಸು. ಎರಡೂ ತುಸು ಸಿಹಿ, ನುಣ್ಣಗೆ, ಯಾರಿಗೂ ತೊಂದರೆ ಕೊಡದ ರುಚಿ. ಆದರೆ ಆ ದೇಶದ ಮೂರನೇ ಒಂದು ಪಾಲು ಜನ ಇರೋ ಕಡೆಯ ಊಟವೇ ಬೇರೆ. ಆ ಭಾಗದ ಹೆಸರು ಈಸಾನ್. ನಾವು ಈಶಾನ್ಯ ಅಂತೀವಲ್ಲ, ಅದೇ ಪದ. ಥೈಲ್ಯಾಂಡಿನ ಈಶಾನ್ಯಕ್ಕಿರೋ 20 ಜಿಲ್ಲೆಗಳು. ನಮ್ಮಲ್ಲಿ ವಾಸ್ತು ಹೇಳೋರು ಈಶಾನ್ಯ ಮೂಲೆಗೆ ದೇವರ ಮನೆ ಕಟ್ಟಿಸ್ತಾರೆ. ಅಲ್ಲಿ ದೇಶದ ಈಶಾನ್ಯದಿಂದ ಬಂದವರು ಮನೆಗೆಲಸದವರು, ಗಾರೆ ಕೆಲಸದವರು, ಟ್ಯಾಕ್ಸಿ ಓಡಿಸೋರು, ರಿಂಗಿನಲ್ಲಿ ಹೊಡೆತ ತಿನ್ನೋ ಬಾಕ್ಸಿಂಗ್ ಹುಡುಗರು.

ಈಸಾನ್ ಜನ ಬಹುತೇಕ ಲಾವೋ ಭಾಷೆ ಆಡೋರು. ಬ್ಯಾಂಕಾಕಿನ ಅರಸೊತ್ತಿಗೆ 19ನೇ ಶತಮಾನದ ಕೊನೆಗೆ ಆ ಸೀಮೆಯನ್ನ ಬಿಗಿಯಾಗಿ ಹಿಡ್ಕೊಂಡಾಗ ಆಡಳಿತದ ಹೆಸರಲ್ಲಿದ್ದ 'ಲಾವೋ' ಅನ್ನೋ ಪದವನ್ನೇ ತೆಗೆದು ದಿಕ್ಕಿನ ಹೆಸರಿಟ್ಟಿತು. ಜನರ ಹೆಸರು ಅಳಿಸಿತು, ದಿಕ್ಕು ಉಳೀತು. ಕೇರಿಗೆ ಹೆಸರಿಲ್ಲದೆ 'ಊರಿನ ಆ ಕಡೆ' ಅಂತ ಕರೆಸಿಕೊಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬ್ಯಾಂಕಾಕಿಗೆ ಹೋಗಿದ್ದು ಭೂಮಿ ಮತ್ತು ಕೂಲಿಕಾರರ ಹಕ್ಕಿನ ಬಗ್ಗೆ ನಡೆದ ಒಂದು ಕಾರ್ಯಾಗಾರಕ್ಕೆ. ಏಷ್ಯಾದ ಹೋರಾಟಗಾರರ ಇಂಥ ಸಭೆಗಳು ಅಲ್ಲಿ ಆಗಾಗ ನಡೀತವೆ. ಅಲ್ಲಿ ಖೋನ್ ಕೇನ್ ಕಡೆಯ ಒಬ್ಬ ಅಕ್ಕ ಸಿಕ್ಕರು, ಭೂಮಿ ಹೋರಾಟದವರು. ನಾನು ಅವರನ್ನ 'ಪೀ' ಅಂತಿದ್ದೆ. ಅಣ್ಣ, ಅಕ್ಕ ಎರಡಕ್ಕೂ ಅಲ್ಲಿ ಅದೊಂದೇ ಪದ. ಸಭೆಯ ಹೋಟೆಲಿನ ಊಟ ನೋಡಿ ಅವರೇ ಅಂದರು, "ಇದಲ್ಲ. ಸಂಜೆ ಬಾ, ನಮ್ಮೂರ ಊಟ ಹಾಕಿಸ್ತೀನಿ."

ಗಲ್ಲಿಯೊಂದರ ಬಾಯಲ್ಲಿದ್ದ ಹೋಟೆಲು. ತಗಡಿನ ಮಾಡು, ಪ್ಲಾಸ್ಟಿಕ್ ಸ್ಟೂಲು, ತಲೆ ಮೇಲೆ ಗರಗರ ಸುತ್ತೋ ಫ್ಯಾನು. ಮುಂದೆ ಕೆಂಡದ ಒಲೆ, ಪಕ್ಕದಲ್ಲಿ ಒಬ್ಬ ಹೆಂಗಸು, ಮುಂದೆ ಮಣ್ಣಿನ ಒರಳು, ಕೈಯಲ್ಲಿ ಮರದ ಒನಕೆ. ಆಕೆ ಕೇಳೋದು ಒಂದೇ ಪ್ರಶ್ನೆ: ಮೆಣಸಿನಕಾಯಿ ಎಷ್ಟು? ಎರಡಾ, ಐದಾ, ಹತ್ತಾ? ಅಲ್ಲಿ ಖಾರವನ್ನ ಎಣಿಸಿ ಹೇಳ್ತಾರೆ. ನಾನು ಆಂಧ್ರದ ಗಡಿ ಸೀಮೆಯ ಜೀವ, ಏಳು ಅಂದೆ.

ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ತಾಳೆಬೆಲ್ಲ, ಅಲಸಂದೆ ಕಾಯಿ, ಟೊಮೆಟೊ, ನಿಂಬೆಹುಳಿ, ಆಮೇಲೆ ಚಾಕುವಿನಲ್ಲಿ ಕಚಕಚ ಕೊಚ್ಚಿ ಎಳೆಎಳೆಯಾಗಿ ತೆಗೆದ ಪರಂಗಿಕಾಯಿ. ಒಂದು ಕೈಲಿ ಒನಕೆ, ಇನ್ನೊಂದು ಕೈಲಿ ಚಮಚ. ಅರೆಯೋದಲ್ಲ, ಜಜ್ಜೋದು. ಪೊಕ್, ಪೊಕ್, ಪೊಕ್ ಅನ್ನೋ ಸದ್ದು. ಇದಕ್ಕೆ ಸೋಮ್ ತಾಮ್ ಅಂತಾರೆ. ಸೋಮ್ ಅಂದ್ರೆ ಹುಳಿ, ತಾಮ್ ಅಂದ್ರೆ ಕುಟ್ಟೋದು. ಅದಕ್ಕೆ ಉಪ್ಪಲ್ಲಿ ನೆನೆಸಿದ ಗದ್ದೆ ಏಡಿ ಬಿತ್ತು. ಕೊನೆಗೆ ಒಂದು ಜಾಡಿಯಿಂದ ಎರಡು ಸೌಟು ಬೂದುಬಣ್ಣದ ರಸ. ಪಕ್ಕದ ಮೇಜಿಗೂ ಮುಟ್ಟೋ ವಾಸನೆ. ಅದೇ ಪ್ಲಾ ರಾ.

ಹೊಳೆ, ಕೆರೆಯ ಸಣ್ಣ ಮೀನಿಗೆ ಉಪ್ಪು ಹಾಕಿ, ಹುರಿದ ಅಕ್ಕಿ ಪುಡಿಯನ್ನೋ ತೌಡನ್ನೋ ಬೆರೆಸಿ, ಜಾಡಿಯಲ್ಲಿ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಹುಳಿಯೋಕೆ ಬಿಡ್ತಾರೆ. ಈಸಾನ್ ಮಳೆ ನಂಬಿದ ಬೇಸಾಯದ ಸೀಮೆ. ಸಮುದ್ರ ಇಲ್ಲ, ಮಣ್ಣಲ್ಲೇ ಉಪ್ಪು. ಮಳೆಗಾಲದಲ್ಲಿ ಗದ್ದೆ ತುಂಬಾ ಮೀನು, ಬೇಸಿಗೆಯಲ್ಲಿ ಏನೂ ಇಲ್ಲ. ಮೀನಿದ್ದಾಗ ಮೀನಿಲ್ಲದ ತಿಂಗಳಿಗೆ ಎತ್ತಿಟ್ಟುಕೊಂಡ ಬುದ್ಧಿ ಅದು. ನಮ್ಮಲ್ಲಿ ಒಣಮೀನು ಮಡಕೇಲಿಟ್ಟ, ಬಾಡನ್ನ ಎಳೆಎಳೆಯಾಗಿ ಕೊಯ್ದು ಹಗ್ಗಕ್ಕೆ ಒಣಹಾಕಿದ ಅಜ್ಜಿಯರಿಗೂ ಇದೇ ಬುದ್ಧಿ ಇತ್ತು.

ಜೊತೆಗೆ ಲಾಬ್ ಬಂತು. ಕೊಚ್ಚಿದ ಮಾಂಸಕ್ಕೆ ಒಣಮೆಣಸಿನಕಾಯಿ ಪುಡಿ, ನಿಂಬೆಹುಳಿ, ಪುದೀನ, ಹುರಿದು ಕುಟ್ಟಿದ ಅಕ್ಕಿ ಪುಡಿ. ಕರುಳು, ಈಲಿ ಹಾಕಿದ ಹುಳಿಖಾರದ ಸಾರು ಬಂತು, ನಮ್ಮ ಬೋಟಿ ಸಾರಿನ ತಂಗಿ. ಕೆಂಡದಲ್ಲಿ ಸುಟ್ಟ ದನದ ಎದೆಮಾಂಸ ಬಂತು. ಅದರ ಹೆಸರು 'ಅಳೋ ಹುಲಿ'. ಹುಲಿ ಯಾಕೆ ಅತ್ತಿತು ಅನ್ನೋದಕ್ಕೆ ಕಥೆ ಹಲವು. ನನಗೆ ಹಿಡಿಸಿದ್ದು ಇದು: ಹಸು ಹಿಡಿದ ಹುಲಿಗೆ ಈ ತುಂಡು ಮಾತ್ರ ಅಗಿಯೋಕಾಗದೆ ಹೊಟ್ಟೆ ಉರಿದು ಅತ್ತುಬಿಡ್ತಂತೆ. ಇದಕ್ಕೆಲ್ಲ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಿಸಿ ಅಂಟಕ್ಕಿ ಅನ್ನ. ಬೆರಳಲ್ಲಿ ಚೂರು ತಗೊಂಡು ಉಂಡೆ ಮಾಡಿ ಖಾರಕ್ಕೆ ಅದ್ದಿ ತಿನ್ನೋದು. ಮುದ್ದೆ ಮುರಿದ ಕೈಗೆ ಯಾರೂ ಕಲಿಸಬೇಕಾಗಲಿಲ್ಲ.

ಏಳು ಮೆಣಸಿನಕಾಯಿ ಏನು ಅಂತ ಎರಡನೇ ತುತ್ತಿಗೆ ಗೊತ್ತಾಯ್ತು. ಕಿವಿ ಬಿಸಿ, ಮೂಗಲ್ಲಿ ನೀರು, ತಲೆಬುರುಡೆ ಬೆವರು. ಆದ್ರೂ ಕೈ ನಿಲ್ಲಲಿಲ್ಲ. ಒಂದೇ ಬುಟ್ಟಿ, ಒಂದೇ ತಟ್ಟೆ, ಎಲ್ಲರ ಕೈ ಅದಕ್ಕೇ. ನೀನು ಯಾರು, ಯಾವ ಪೈಕಿ ಅಂತ ಯಾರೂ ಕೇಳಲಿಲ್ಲ. ಟ್ಯಾಕ್ಸಿಯವನು ಒಂದು ಕಡೆ, ಆಫೀಸಿನ ಹುಡುಗಿಯರು ಇನ್ನೊಂದು ಕಡೆ. ದನದ ಮಾಂಸದ ಹೆಸರು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿತ್ತು.

ಉಣ್ಣುತ್ತಾ ಆ ಅಕ್ಕ ಒಂದು ಮಾತು ಹೇಳಿದರು. ಅವರ ತಾಯಿ ಬ್ಯಾಂಕಾಕಿನ ಒಂದು ಮನೇಲಿ ಕೆಲಸಕ್ಕಿದ್ದವರು. ಅಡುಗೆ ಅವರದೇ. ಮನೆಯವರಿಗೆ ಅವರ ಕೈರುಚಿ ಬೇಕಿತ್ತು, ಪ್ಲಾ ರಾ ವಾಸನೆ ಬೇಡವಾಗಿತ್ತು. ಆಕೆ ಜಾಡಿಗೆ ಮೂರು ಸುತ್ತು ಪ್ಲಾಸ್ಟಿಕ್ ಕಟ್ಟಿ ಹಿತ್ತಲ ಗೋಡೆ ಆಚೆ ಇಡ್ತಿದ್ದರಂತೆ. ಮಧ್ಯಾಹ್ನ ಅಕ್ಕಪಕ್ಕದ ಮನೆಗೆಲಸದವರೆಲ್ಲ ಗಲ್ಲಿ ಹಿಂದೆ ಕೂತು ಉಂಡು, ಕೈಗೆ ನಿಂಬೆ ಉಜ್ಜಿ ತೊಳೆದು ಒಳಗೆ ಹೋಗಬೇಕಿತ್ತಂತೆ. "ಅಮ್ಮ ಸಾಯೋ ತನಕ ಊಟ ಆದ ಮೇಲೆ ಕೈ ಮೂಸಿ ನೋಡ್ಕೊಳ್ಳೋಳು" ಅಂದರು.

ನನಗೆ ತುತ್ತು ಗಂಟಲಲ್ಲೇ ನಿಂತಿತು. ಬೆಂಗಳೂರಲ್ಲಿ ಬಾಡಿಗೆ ಮನೇಲಿದ್ದಾಗ ಭಾನುವಾರ ನಾವು ಏನು ಮಾಡ್ತಿದ್ವಿ? ಅಡುಗೆಮನೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಎರಡು ಊದುಬತ್ತಿ ಹಚ್ಚಿ ಕುಕ್ಕರ್ ಇಡ್ತಿದ್ವಿ. ವಿಷಲ್ ಬಂದರೆ ಎದೆ ಡವಡವ. ಮೂಳೆಗಳನ್ನ ಪೇಪರಲ್ಲಿ ಸುತ್ತಿ, ಬ್ಯಾಗಲ್ಲಿಟ್ಕೊಂಡು ಎರಡು ಬೀದಿ ಆಚೆ ಹಾಕ್ತಿದ್ವಿ. ಓನರ್ ಮೊದಲ ದಿನ ಕೇಳಿದ್ದು ಜಾತಿಯನ್ನಲ್ಲ. "ನೀವು ವೆಜ್ಜಾ?" ಅಂತ ಅಷ್ಟೇ. ಅದೇ ಪ್ರಶ್ನೆ, ಬಟ್ಟೆ ಬೇರೆ.

ವಾಸನೆ ಮೀನಿಂದಲ್ಲ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಹೇಳ್ತೀನಿ. 2010ರಲ್ಲಿ ಹೊಸ ಚುನಾವಣೆ ಬೇಕು ಅಂತ ಕೆಂಪಂಗಿ ತೊಟ್ಟ ಜನ, ಹೆಚ್ಚಿನವರು ಈಸಾನ್ ಮತ್ತು ಉತ್ತರದ ಹಳ್ಳಿಗರು, ಬ್ಯಾಂಕಾಕಿನ ದೊಡ್ಡ ಮಾಲುಗಳ ನಡುವಿನ ರಾಚಪ್ರಸೋಂಗ್ ಚೌಕದಲ್ಲಿ ವಾರಗಟ್ಟಲೆ ಧರಣಿ ಕೂತರು. ಅವರನ್ನ 'ಕ್ವಾಯ್' ಅಂತ ಹಂಗಿಸಿದರು. ಕ್ವಾಯ್ ಅಂದ್ರೆ ಎಮ್ಮೆ, ಬುದ್ಧಿ ಇಲ್ಲದ್ದು ಅಂತ ಅರ್ಥ. ಮೇ 19ಕ್ಕೆ ಸೈನ್ಯ ನುಗ್ಗಿತು. ಆ ಏಪ್ರಿಲ್-ಮೇ ತಿಂಗಳಲ್ಲಿ 90ಕ್ಕೂ ಹೆಚ್ಚು ಜನ ಸತ್ತರು. ಇವತ್ತು ಅದೇ ಸುತ್ತಿನ ಮಾಲುಗಳಲ್ಲಿ, ಎಸಿ ಕೆಳಗೆ, ಈಸಾನ್ ಊಟಕ್ಕೆ ಜನ ಸಾಲು ನಿಲ್ತಾರೆ. 'ಸೇಪ್' ಅನ್ನೋ ಈಸಾನ್ ಪದ, ರುಚಿಯಾಗಿದೆ ಅಂತ, ಈಗ ಬ್ಯಾಂಕಾಕಿನ ಹುಡುಗರ ಬಾಯಲ್ಲಿ ಫ್ಯಾಷನ್ನು. ಊಟ ಒಳಗೆ ಬಂತು, ಮಾತು ಒಳಗೆ ಬಂತು. ಆ ಚೌಕದಲ್ಲಿ ಕೂತವರು ಕೇಳಿದ್ದು ಮಾತ್ರ ಇದಲ್ಲ.

ಇದನ್ನೇ ಈಗ 'ಅಥೆಂಟಿಕ್' ಅಂತಾರೆ. ಈ ಪದದ ಬಗ್ಗೆ ಸ್ವಲ್ಪ ಯೋಚಿಸಿ. ಸೋಮ್ ತಾಮ್‌ನ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ಪರಂಗಿ ಅಲ್ಲಿಂದಲೇ, ಟೊಮೆಟೊ ಅಲ್ಲಿಂದಲೇ. ಪೋರ್ಚುಗೀಸರು, ಸ್ಪೇನಿನವರು ಹಡಗಲ್ಲಿ ತಂದ ಕಾಲದ ಆಚೆಗೆ ಆ ತಟ್ಟೆಗೆ ಚರಿತ್ರೆಯೇ ಇಲ್ಲ. ನಮ್ಮ ಮೆಣಸಿನಕಾಯಿಯೂ ಅಷ್ಟೆ. ಹಾಗಾದ್ರೆ ಅಸಲಿ ಯಾವುದು? ಬಂದದ್ದನ್ನೆಲ್ಲ ಒರಳಿಗೆ ಹಾಕಿ ತಮ್ಮದು ಮಾಡಿಕೊಂಡ ಕೈ ಅಸಲಿ. 'ಅಥೆಂಟಿಕ್' ಅನ್ನೋರು ತಟ್ಟೆ ನೋಡ್ತಾರೆ, ಆ ಕೈ ನೋಡಲ್ಲ.

ನಮ್ಮ ಕಡೆ ನೋಡಿ. ಕರುಳು, ತಲೆಮಾಂಸ, ರಕ್ತದ ಪಲ್ಯ ಈಗ ಆಹಾರ ವಿಡಿಯೋಗಳಲ್ಲಿ 'ನಾಟಿ ಸ್ಟೈಲ್'. ಅದೇ ಊಟ ನಮ್ಮ ಟಿಫನ್ ಕ್ಯಾರಿಯರಲ್ಲಿದ್ರೆ ಪಕ್ಕದವರು ಎದ್ದು ಹೋಗ್ತಿದ್ದರು. ದನದ ಮಾಂಸಕ್ಕಂತೂ ಆ ಫ್ಯಾಷನ್ನಿನ ಭಾಗ್ಯವೂ ಇಲ್ಲ. 2021ರಿಂದ ಜಾರಿಯಲ್ಲಿರೋ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಜಾನುವಾರು ಕಡಿದರೆ 3ರಿಂದ 7 ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷ ದಂಡ. 2024ರ ಡಿಸೆಂಬರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮಾಂಸಾಹಾರವನ್ನ ಮದ್ಯ, ತಂಬಾಕಿನ ಸಾಲಲ್ಲಿ ಕೂರಿಸಿದ್ದರು. ಬಾಡೂಟ ಬೇಕು ಅಂತ ಕೇಳಿದವರು ಬರೀ ಬಾಯಿಚಪಲಕ್ಕೆ ಕೇಳಲಿಲ್ಲ. ನಮ್ಮ ಅವ್ವನ ಅಡುಗೆ ಯಾವ ಲೆಕ್ಕದಲ್ಲಿ ಹೆಂಡದ ಪಕ್ಕದ್ದು ಅಂತ ಕೇಳಿದರು.

ಆದ್ರೆ ಒಂದು ಎಚ್ಚರದ ಮಾತು, ನಮ್ಮವರಿಗೇ. ನಾವು ತಿಂದದ್ದೆಲ್ಲ ಸಂಸ್ಕೃತಿ ಅಂತ ಹಾಡಿ ಹೊಗಳೋದು ಬೇಡ. ಕೆಲವು ರುಚಿ, ಕೆಲವು ಬರೀ ಹಸಿವು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ತಿನ್ನೋದು ಬಿಡಿ ಅಂತ ನಮ್ಮವರಿಗೆ ಹೇಳಿದರು. 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದಾಗ, ಗೋಮಾಂಸ ತಿಂದದ್ದನ್ನೇ ನೆಪ ಮಾಡಿ ನಮ್ಮನ್ನ ಹೇಗೆ ಹೊರಗಿಟ್ಟರು ಅಂತಲೂ ಅವರೇ ಬಿಡಿಸಿಟ್ಟರು. ಎರಡನ್ನೂ ಒಟ್ಟಿಗೆ ಓದಬೇಕು.

ಈಸಾನಿನಲ್ಲೂ ಹೀಗೇ ಒಂದು ಕಥೆ ಇದೆ. ಅಲ್ಲಿ ಕೆರೆಮೀನನ್ನ ಹಸಿಯಾಗಿ ಕೊಚ್ಚಿ ಹುಳಿಖಾರ ಹಾಕಿ ತಿನ್ನೋ ರೂಢಿ ಇದೆ. ಆ ಹಸಿಮೀನಿನಿಂದ ಈಲಿಗೆ ಸೇರೋ ಹುಳ ಪಿತ್ತನಾಳದ ಕ್ಯಾನ್ಸರ್ ತರುತ್ತೆ. ಜಗತ್ತಿನಲ್ಲೇ ಆ ಕ್ಯಾನ್ಸರ್ ಅತಿ ಹೆಚ್ಚು ಇರೋದು ಅಲ್ಲೇ. ಖೋನ್ ಕೇನ್ ವಿಶ್ವವಿದ್ಯಾಲಯದ ವೈದ್ಯರು ಹಳ್ಳಿ ಹಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿ, ಮೀನು ಬೇಯಿಸಿ ತಿನ್ನಿ ಅಂತ ಕೈಮುಗಿದು ಹೇಳ್ತಾರೆ. ಅವರಲ್ಲಿ ಒಬ್ಬರು ಇದೇ ಕಾಯಿಲೆಗೆ ಸ್ವಂತ ತಂದೆತಾಯಿಯನ್ನ ಕಳಕೊಂಡ ಶಸ್ತ್ರವೈದ್ಯರು. ಅವರೂ 'ಇದನ್ನ ತಿನ್ನಬೇಡಿ' ಅಂತಾರೆ, ಮಾಲಕಿಯೂ 'ಇದನ್ನ ತಿನ್ನಬೇಡಿ' ಅಂತಾಳೆ. ಒಬ್ಬರದು ನೀನು ಬದುಕಬೇಕು ಅನ್ನೋ ಮಾತು. ಇನ್ನೊಬ್ಬರದು ನೀನು ಕಾಣಬಾರದು ಅನ್ನೋ ಮಾತು. ಬಾಬಾಸಾಹೇಬರದು ಮೊದಲನೇದು. ನಮ್ಮ ತಟ್ಟೆಗೆ ಕಾನೂನು ತರೋರದ್ದು ಎರಡನೇದು. ಯಾರಾದ್ರೂ ನಮ್ಮ ಊಟದ ಬಗ್ಗೆ ಬುದ್ಧಿ ಹೇಳೋಕೆ ಬಂದರೆ, ಇವೆರಡರಲ್ಲಿ ಯಾವುದು ಅಂತ ನೋಡಿ ಉತ್ತರ ಕೊಡಿ.

ಮರಾಠವಾಡದ ದಲಿತರ ಅಡುಗೆಯನ್ನ ಶಾಹು ಪಟೋಳೆ 2015ರಲ್ಲೇ ಮರಾಠಿಯಲ್ಲಿ ಪುಸ್ತಕ ಮಾಡಿದರು, 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ನಾವು ಕನ್ನಡದವರು ನಮ್ಮ ಕೇರಿಗಳ ಅಡುಗೆಯನ್ನ ಆ ಮಟ್ಟಕ್ಕೆ ಕೂಡಿಸಿ ಬರೆಯೋದು ಬಾಕಿ ಇದೆ. ನಮ್ಮ ಅಜ್ಜಿಯರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ನಾಳೆ ಯಾವುದೋ ದೊಡ್ಡ ಹೋಟೆಲಿನ ಮೆನುವಿನಲ್ಲಿ ಅವರ ಸಾರು ಸಾವಿರ ರೂಪಾಯಿಗೆ ಬಂದರೂ ಬರಬಹುದು, ಅವರ ಹೆಸರು ಬರಲ್ಲ.

ಅದಕ್ಕೆ ಈ ವಾರ ಒಂದು ಕೆಲಸ ಮಾಡಿ. ಮನೇಲಿ ಅಜ್ಜಿ, ಅವ್ವ, ದೊಡ್ಡವ್ವ ಯಾರಿದ್ದರೂ ಪಕ್ಕದಲ್ಲಿ ಕೂತು ಒಂದೇ ಒಂದು ಅಡುಗೆ ಕೇಳಿ ಬರೆಯಿರಿ. ಏನೇನು ಹಾಕ್ತಿದ್ರಿ, ಎಲ್ಲಿಂದ ತರ್ತಿದ್ರಿ, ಯಾರಿಗೆ ಹೆದರಿ ಬಚ್ಚಿಡ್ತಿದ್ರಿ, ಯಾವುದನ್ನ ಆಸೆಯಿಂದ ತಿಂದ್ರಿ, ಯಾವುದನ್ನ ಬೇರೆ ದಾರಿ ಇಲ್ಲದೆ ತಿಂದ್ರಿ. ಮಾಡಿದವರ ಹೆಸರನ್ನ ಮೊದಲ ಸಾಲಲ್ಲೇ ಹಾಕಿ.

ಜೈಭೀಮ್.