ಪುಟಕ್ಕೆ ಐವತ್ತು ಪೈಸೆ

2003ರಲ್ಲಿ ನನ್ನ ಭವಿಷ್ಯ ಪುಟಕ್ಕೆ ಐವತ್ತು ಪೈಸೆಯಂತೆ ಸಿಗುತ್ತಿತ್ತು. ದಾವಣಗೆರೆಯಲ್ಲಿ ನಮ್ಮ ಕಾಲೇಜಿನ ಎದುರಿಗಿದ್ದ ಜೆರಾಕ್ಸ್ ಅಂಗಡಿಯವನು ಮೇಜಿನ ಕೆಳಗಿಂದ ಒಂದು ಕಟ್ಟು ಎಳೆದು, ಧೂಳು ಕೊಡವಿ, "ಗೇಟ್ ಸಿಎಸ್, ಹಳೇ ಪೇಪರ್ ಎಲ್ಲಾ ಅದಾವೆ. ಸ್ಪೈರಲ್ ಹಾಕ್ಲಾ?" ಎಂದು ಕೇಳಿದ. ಸ್ಪೈರಲ್ಲಿಗೆ ಹದಿನೈದು ರೂಪಾಯಿ ಹೆಚ್ಚಿಗೆ. ಅಷ್ಟರಲ್ಲಿ ಮೂರು ಪ್ಲೇಟು ಮಂಡಕ್ಕಿ ಮೆಣಸಿನಕಾಯಿ ಬರುತ್ತಿತ್ತು. ದಾರ ಸಾಕು ಎಂದೆ.

ಗೇಟ್ ಎಂದರೆ ಎಂಜಿನಿಯರಿಂಗ್ ಓದಿದವರು ಎಂ.ಟೆಕ್. ಸೇರಲು ಬರೆಯುವ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಸೇರಿ ನಡೆಸುವಂಥದು. ನಮ್ಮವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೂ ಅನುಮಾನ ಹೋಗಲಿಲ್ಲ. "ನಾಲ್ಕು ವರ್ಷ ಎಂಜಿನಿಯರ್ ಓದಿ, ಮತ್ತೆ ಗೇಟು ಕಾಯೋ ಪರೀಕ್ಷೆ ಯಾಕಪ್ಪ?" ಎಂದಳು. ಪರೀಕ್ಷೆ ಬರೆದಾದ ಮೇಲೆ ಯೋಚಿಸಿದರೆ, ಅವಳ ಮಾತೇನೂ ತೀರಾ ತಪ್ಪಲ್ಲ.

ಆ ಕಟ್ಟು ಪ್ರತಿಯ ಪ್ರತಿಯ ಪ್ರತಿ. ಯಾವ ಪುಣ್ಯಾತ್ಮ ಮೂಲ ಪ್ರಶ್ನೆಪತ್ರಿಕೆಗಳನ್ನು ಜೋಡಿಸಿಟ್ಟಿದ್ದನೋ, ಅವನಿಂದ ಇಳಿದು ನನ್ನ ಕೈಗೆ ಬರುವಷ್ಟರಲ್ಲಿ ಅಕ್ಷರಗಳು ಸವೆದುಹೋಗಿದ್ದವು. ಮೊದಲು ಸತ್ತದ್ದು ಘಾತಗಳು. ಕಂಪ್ಯೂಟರ್ ಸೈನ್ಸಿನಲ್ಲಿ ಪ್ರಾಣವೆಲ್ಲ ಇರುವುದು ಆ ತಲೆಯ ಮೇಲಿನ ಪುಟ್ಟ ಅಂಕಿಯಲ್ಲಿ. ಎನ್ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಬಬಲ್ ಸಾರ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆಗೆ ಎನ್, ಎನ್ ವರ್ಗ, ಎನ್ ಘನ, ಎನ್ ಲಾಗ್ ಎನ್ ಎಂದು ನಾಲ್ಕು ಆಯ್ಕೆ ಇದ್ದಿರಬೇಕು. ನಮ್ಮ ಪ್ರತಿಯಲ್ಲಿ ಮೂರು ಎನ್‌ಗಳು ಸಾಲಾಗಿ ಬೋಳುತಲೆಯಲ್ಲಿ ನಿಂತಿದ್ದವು. ನನ್ನ ರೂಮ್‌ಮೇಟು, "ಉತ್ತರ ಎನ್ ಅಂತೂ ಖಾತ್ರಿ, ಯಾವ ಎನ್ ಅನ್ನೋದಷ್ಟೇ ಪ್ರಶ್ನೆ" ಎಂದ. ಲೆಕ್ಕ ಮಾಡದೆ ಗತಿಯಿರಲಿಲ್ಲ. ಬಬಲ್ ಸಾರ್ಟಿನ ಹೆಜ್ಜೆಗಳನ್ನು ಒಂದೊಂದಾಗಿ ಎಣಿಸಿ, ಎರಡನೆಯ ಎನ್ ಮೇಲೆ ಪೆನ್ಸಿಲ್ಲಿನಲ್ಲಿ 2 ಬರೆದೆವು. ಹೀಗೆ ಕಟ್ಟಿನ ತುಂಬ ಘಾತಗಳನ್ನು ವಾಪಸು ನೆಟ್ಟೆವು. ಮೇಷ್ಟ್ರುಗಳು ನಾಲ್ಕು ವರ್ಷದಲ್ಲಿ ಕಲಿಸಿದ್ದಕ್ಕಿಂತ ಹೆಚ್ಚನ್ನು ಆ ಕೆಟ್ಟ ಜೆರಾಕ್ಸ್ ಯಂತ್ರ ಕಲಿಸಿತು.

ಘಾತವನ್ನು ಜೆರಾಕ್ಸಿನ ಸಹಾಯವಿಲ್ಲದೆ ಇಳಿಸಿದವನೊಬ್ಬನಿದ್ದ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಕಲಿತ ಗುಣಾಕಾರವಿದೆಯಲ್ಲ, ಎನ್ ಅಂಕಿಗಳ ಎರಡು ಸಂಖ್ಯೆಗಳಿಗೆ ಅದು ಎನ್ ವರ್ಗದಷ್ಟು ಸಣ್ಣ ಗುಣಾಕಾರಗಳನ್ನು ಕೇಳುತ್ತದೆ. ಇದಕ್ಕಿಂತ ಕಡಿಮೆಗೆ ಆಗುವುದಿಲ್ಲ ಎಂದು 1960ರಲ್ಲಿ ಮಾಸ್ಕೋದ ಒಂದು ಸೆಮಿನಾರಿನಲ್ಲಿ ಕೊಲ್ಮೊಗೊರೊವ್ ತಮ್ಮ ಊಹೆಯನ್ನು ಮುಂದಿಟ್ಟರು. ಅವರಂಥ ಗಣಿತಜ್ಞರು ಆಗುವುದಿಲ್ಲ ಎಂದ ಮೇಲೆ ಉಳಿದವರು ಟೀ ಕುಡಿಯಲು ಏಳಬೇಕು. ಕೇಳುತ್ತ ಕೂತಿದ್ದ ಇಪ್ಪತ್ತಮೂರು ವರ್ಷದ ಅನತೋಲಿ ಕರತ್ಸುಬ ಒಂದೇ ವಾರದಲ್ಲಿ, ನಾಲ್ಕು ಗುಣಾಕಾರ ಬೇಕಾದ ಕಡೆ ಮೂರರಲ್ಲೇ ಮುಗಿಸುವ ದಾರಿ ಹಿಡಿದು ಬಂದ. ಘಾತ ಎರಡರಿಂದ ಸುಮಾರು 1.58ಕ್ಕೆ ಇಳಿಯಿತು. ನಮ್ಮ ಕಟ್ಟಿನಲ್ಲಿದ್ದದ್ದು ಆ ಹುಡುಗನ ಒಂದು ವಾರ, ನಾಲ್ಕು ಆಯ್ಕೆಗಳ ಜೊತೆಗೆ.

ಆಪರೇಟಿಂಗ್ ಸಿಸ್ಟಮ್ಸಿನ ಪ್ರಶ್ನೆಗಳಲ್ಲಿ ನನ್ನನ್ನು ಕಾಡಿದವರು ಐವರು ತತ್ತ್ವಜ್ಞಾನಿಗಳು. ದುಂಡು ಮೇಜಿನ ಸುತ್ತ ಕೂತಿದ್ದಾರೆ. ಇಬ್ಬಿಬ್ಬರ ನಡುವೆ ಒಂದೊಂದು ಫೋರ್ಕು. ಉಣ್ಣಬೇಕಾದರೆ ಎಡಗಡೆಯದೂ ಬಲಗಡೆಯದೂ ಎರಡೂ ಬೇಕು. ಐವರೂ ಒಮ್ಮೆಲೇ ಎಡಗಡೆಯ ಫೋರ್ಕು ಹಿಡಿದರೆ ಬಲಗಡೆಯದು ಯಾರಿಗೂ ಸಿಗದು, ಐವರೂ ಉಪವಾಸ. ಇದೇ ಡೆಡ್‌ಲಾಕ್. ನನಗೆ ಡೆಡ್‌ಲಾಕಿಗಿಂತ ಊಟವೇ ಅರ್ಥವಾಗಲಿಲ್ಲ. ಎರಡು ಫೋರ್ಕು ಹಿಡಿದು ತಿನ್ನುವಂಥದು ಏನಿದು? ಇನ್ನೊಂದು ಪುಸ್ತಕ ತೆಗೆದರೆ ಅದರಲ್ಲಿ ಚೀನೀ ಕಡ್ಡಿ. ತಟ್ಟೆಯಲ್ಲಿ ಅನ್ನ. ಬಲಗೈ ಒಂದರಲ್ಲೇ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಡುವ ಜನ ನಾವು. ನಾವು ಉಂಡು, ಕೈ ತೊಳೆದು, ಎಲೆಅಡಿಕೆ ಹಾಕಿಕೊಳ್ಳುವವರೆಗೂ ಈ ಐವರು ಹಸಿದೇ ಕೂತಿರುತ್ತಿದ್ದರು.

ಅರ್ಥವಾದದ್ದು ಖಾನಾವಳಿಯಲ್ಲಿ. ಉದ್ದನೆಯ ಮೇಜು, ಎದುರುಬದುರು ಬೆಂಚು. ನಮ್ಮ ತುದಿಗೆ ಒಂದೇ ಶೇಂಗಾ ಚಟ್ನಿಪುಡಿ ಡಬ್ಬಿ, ಒಂದೇ ಎಣ್ಣೆ ಗಿಂಡಿ. ನಾನು ಡಬ್ಬಿ ಎಳೆದುಕೊಂಡೆ. ಅದೇ ಹೊತ್ತಿಗೆ ಎದುರಿನ ಲಾರಿ ಡ್ರೈವರ್ ಗಿಂಡಿ ಎಳೆದುಕೊಂಡ. ಎಣ್ಣೆ ಇಲ್ಲದೆ ಚಟ್ನಿಪುಡಿ ಗಂಟಲಲ್ಲಿ ಇಳಿಯದು, ಚಟ್ನಿಪುಡಿ ಇಲ್ಲದೆ ಬರೀ ಎಣ್ಣೆ ಯಾರು ತಿಂತಾರೆ? ಅವನು ಕೊಡಲಿ ಎಂದು ನಾನು, ನಾನು ಕೊಡಲಿ ಎಂದು ಅವನು. ಇಬ್ಬರ ರೊಟ್ಟಿಯೂ ಆರುತ್ತಿತ್ತು. ಬಡಿಸುತ್ತಿದ್ದ ಅಕ್ಕ ಬಂದವಳೇ ಅವನ ಕೈಯಿಂದ ಗಿಂಡಿ ಕಸಿದು ನನ್ನ ತಟ್ಟೆಗೆ ಎಣ್ಣೆ ಸುರಿದು, ನನ್ನ ಡಬ್ಬಿ ಕಸಿದು ಅವನ ಮುಂದೆ ಕುಕ್ಕಿ, "ಉಣ್ರಿ ಸುಮ್ನೆ" ಅಂದಳು. ಡೆಡ್‌ಲಾಕ್ ಆಗಬೇಕಾದರೆ ನಾಲ್ಕು ಷರತ್ತು ಒಟ್ಟಿಗೆ ಕೂಡಿಬರಬೇಕೆಂದು 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಬರೆದರು. ಹಿಡಿದವನ ಕೈಯಿಂದ ಕಸಿಯುವಂತಿಲ್ಲ ಎಂಬುದು ಅದರಲ್ಲಿ ಒಂದು. ಅಕ್ಕ ಮುರಿದದ್ದು ಅದನ್ನೇ. ಆಮೇಲೆ ಆ ಪ್ರಶ್ನೆ ಯಾವ ವೇಷದಲ್ಲಿ ಬಂದರೂ ನನಗೆ ಎಣ್ಣೆಯ ವಾಸನೆ ಬಂದುಬಿಡುತ್ತಿತ್ತು.

ಈ ತತ್ತ್ವಜ್ಞಾನಿಗಳು ಹುಟ್ಟಿದ್ದೇ ಪರೀಕ್ಷೆಯಲ್ಲಿ. 1965ರಲ್ಲಿ ಹಾಲೆಂಡಿನ ಡೈಕ್‌ಸ್ಟ್ರ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆಗೆಂದು ಹೊಸೆದ ಪ್ರಶ್ನೆ ಅದು. ಆಗ ಮೇಜೂ ಇರಲಿಲ್ಲ, ಊಟವೂ ಇರಲಿಲ್ಲ. ಟೇಪ್ ಡ್ರೈವುಗಳಿಗಾಗಿ ಐದು ಕಂಪ್ಯೂಟರುಗಳು ಪೈಪೋಟಿ ನಡೆಸುತ್ತಿದ್ದವು. ಅವಕ್ಕೆ ಗಡ್ಡ ಅಂಟಿಸಿ ಪಂಕ್ತಿಯಲ್ಲಿ ಕೂರಿಸಿದವರು ಟೋನಿ ಹೋರ್. ಆ ಟೇಪ್ ಡ್ರೈವುಗಳು ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಪಂಕ್ತಿ ಇನ್ನೂ ಎದ್ದಿಲ್ಲ.

2004ರ ಫೆಬ್ರವರಿಯಲ್ಲಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. 90 ಪ್ರಶ್ನೆ, 150 ಅಂಕ, ಮೂರು ಗಂಟೆ. ಬರೆಯುವುದೇನು ಬಂತು, ಸೊನ್ನೆ ತುಂಬುವುದು. ಪಕ್ಕದವನು ಐದು ಎಚ್‌ಬಿ ಪೆನ್ಸಿಲ್ ಕೆತ್ತಿ ಸಾಲಾಗಿಟ್ಟು, ಮೆಂಡರಿಗೂ ಕುಂಕುಮ ಹಚ್ಚಿಕೊಂಡು ಬಂದಿದ್ದ. ಎಚ್‌ಬಿಯೇ ಯಾಕೆ ಎಂಬುದಕ್ಕೆ ನಮ್ಮಲ್ಲಿ ಶಾಸ್ತ್ರವೇ ಇತ್ತು: ಬೇರೆ ಸೀಸವಾದರೆ ಯಂತ್ರಕ್ಕೆ 'ಕರೆಂಟು ಹತ್ತಲ್ಲ'. ನಮ್ಮ ಹಾಳೆಗಳನ್ನು ಓದುತ್ತಿದ್ದದ್ದು ಬೆಳಕು, ಕರೆಂಟಲ್ಲ. ಆದರೂ ಆ ಮೂಢನಂಬಿಕೆಗೆ ಒಂದು ವಂಶಾವಳಿ ಉಂಟು.

ಆಯ್ಕೆ ಕೊಟ್ಟು ಉತ್ತರ ಗುರುತಿಸು ಎನ್ನುವ ಪದ್ಧತಿಯನ್ನು ಅಮೆರಿಕದ ಕಾನ್ಸಾಸಿನಲ್ಲಿ ಫ್ರೆಡರಿಕ್ ಕೆಲ್ಲಿ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಶುರುಮಾಡಿದ. ತಿದ್ದುವವರ ಮರ್ಜಿಯಂತೆ ಅಂಕ ಏರಿಳಿಯಬಾರದು, ತಿದ್ದುವುದು ಬೇಗ ಮುಗಿಯಬೇಕು ಎಂಬುದಷ್ಟೇ ಅವನ ಉದ್ದೇಶ. ಆದರೂ ತಿದ್ದುವವರು ಮನುಷ್ಯರೇ. ಆಮೇಲೆ ಬಂದವನು ಮಿಶಿಗನ್ನಿನ ಒಬ್ಬ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು, ರೆನಾಲ್ಡ್ ಜಾನ್ಸನ್. ಹುಡುಗನಾಗಿದ್ದಾಗ ಈತ ಅಕ್ಕಂದಿರನ್ನು ನೋಡಲು ಬರುವ ಹುಡುಗರ ಕಾರುಗಳ ಸ್ಪಾರ್ಕ್ ಪ್ಲಗ್ಗಿನ ಮೇಲೆ ಪೆನ್ಸಿಲ್ ಗೀಟು ಎಳೆದುಬಿಡುತ್ತಿದ್ದನಂತೆ. ಸೀಸದಲ್ಲಿ ವಿದ್ಯುತ್ ಹರಿದು ಕಿಡಿ ಹಾರುವುದೇ ಇಲ್ಲ, ಕಾರು ಕೆಮ್ಮಿ ಸುಮ್ಮನಾಗುತ್ತದೆ. ಅದೇ ಕಿಡಿಗೇಡಿತನ ದೊಡ್ಡವನಾದ ಮೇಲೆ ಯಂತ್ರವಾಯಿತು. ಉತ್ತರ ಪತ್ರಿಕೆಯಲ್ಲಿ ಪೆನ್ಸಿಲ್ ಗುರುತು ಎಲ್ಲಿದೆಯೋ ಅಲ್ಲಿ ವಿದ್ಯುತ್ ಹರಿಯುತ್ತದೆ, ಮುಳ್ಳು ಅಂಕ ತೋರಿಸುತ್ತದೆ. ಐಬಿಎಂ ಕಂಪನಿ ಮೇಷ್ಟ್ರನ್ನೂ ಯಂತ್ರವನ್ನೂ ಒಟ್ಟಿಗೆ ಒಳಗೆ ಕರೆದುಕೊಂಡಿತು. 1938ರ ಹೊತ್ತಿಗೆ ಐಬಿಎಂ 805 ಎಂಬ ಹೆಸರಲ್ಲಿ ಅದು ಪೇಟೆಗೆ ಬಂತು. ನನ್ನ ಪಕ್ಕದವನ ಐದು ಪೆನ್ಸಿಲ್ಲುಗಳ ಮೂಲ ಅಲ್ಲಿ.

ತಮಾಷೆ ಇಷ್ಟಕ್ಕೇ ಮುಗಿಯಲಿಲ್ಲ. ಇದೇ ಜಾನ್ಸನ್ ಮುಂದೆ ಐಬಿಎಮ್ಮಿನಲ್ಲಿ ಮುಂದಾಳಾಗಿ ನಿಂತು ಮಾಡಿಸಿದ್ದು ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು, 1956ರಲ್ಲಿ. ಇಪ್ಪತ್ತನಾಲ್ಕು ಅಂಗುಲದ ಐವತ್ತು ತಟ್ಟೆಗಳು, ಒಂದು ಟನ್ನಿಗೂ ಹೆಚ್ಚು ತೂಕ, ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಡಿಸ್ಕು ನಿಮಿಷಕ್ಕೆ ಇಷ್ಟು ಸುತ್ತು ತಿರುಗಿದರೆ ಸರಾಸರಿ ಕಾಯುವ ಸಮಯ ಎಷ್ಟು ಎಂಬ ಪ್ರಶ್ನೆ ನನ್ನ ಕಟ್ಟಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಜಾನ್ಸನ್ನನದು 1200 ಸುತ್ತು; ಒಂದು ಸುತ್ತಿಗೆ 50 ಮಿಲಿಸೆಕೆಂಡು; ಬೇಕಾದ ಅಕ್ಷರ ಸರಾಸರಿ ಅರ್ಧ ಸುತ್ತು ದೂರ, ಹಾಗಾಗಿ 25. ಪ್ರಶ್ನೆಯೂ ಅವನದೇ ಯಂತ್ರದ್ದು, ಉತ್ತರ ತಿದ್ದುವ ಉಪಾಯವೂ ಅವನದೇ. ಇಂಥ ಮೇಷ್ಟ್ರು ಎದುರಿಗಿದ್ದರೆ ಹುಡುಗರು ಎಲ್ಲಿಗೆ ಹೋಗಬೇಕು?

ಪರೀಕ್ಷೆಗೆ ಎರಡು ತಿಂಗಳ ಮುಂಚಿನ ಒಂದು ರಾತ್ರಿಗೆ ಹಿಂದೆ ಹೋಗಬೇಕು. ನಮ್ಮಪ್ಪ ದಲಾಲಿ ಮಂಡಿಯಲ್ಲಿ ಗುಮಾಸ್ತ. ತೂಕದ ಚೀಟಿಗಳನ್ನು ತಾರೀಖಿನಂತೆ ಜೋಡಿಸಿ ಕಟ್ಟು ಕಟ್ಟುವುದು, ಕಟ್ಟುಗಳನ್ನು ಸೇರಿಸಿ ಒಂದೇ ಕಟ್ಟು ಮಾಡುವುದು, ಅದನ್ನು ಖಾತೆಗೆ ಏರಿಸುವುದು, ಇದು ಅವರ ಮೂವತ್ತು ವರ್ಷದ ಉದ್ಯೋಗ. ನಾನು ಲಾಟೀನು ಹಚ್ಚಿಕೊಂಡು (ಕರೆಂಟು ಹೋಗಿತ್ತು, ಆಗೆಲ್ಲ ಹೋಗುತ್ತಿತ್ತು) ಒಂದು ಪ್ರಶ್ನೆಯ ಮೇಲೆ ಕೂತಿದ್ದೆ. ಕ್ರಮವಾಗಿ ಜೋಡಿಸಿದ ನಾಲ್ಕು ಫೈಲು. 20, 30, 50, 100 ದಾಖಲೆಗಳು. ಎರಡೆರಡನ್ನೇ ಕೂಡಿಸುತ್ತ ಒಂದು ಮಾಡಬೇಕು, ಒಟ್ಟು ಕೆಲಸ ಅತಿ ಕಡಿಮೆ ಆಗಬೇಕು. ಅಪ್ಪ ಬಗ್ಗಿ ನೋಡಿದರು.

"ಏನಿವು? ಚೀಟಿನಾ?"

"ಅಲ್ಲಪ್ಪ, ಫೈಲು."

"ಎಲ್ಡೂ ಒಂದೇ. ಸಣ್ಣವು ಎಲ್ಡು ಮೊದಲು ಕೂಡ್ಸು. ಆದದ್ದನ್ನ ಮತ್ತೆ ಸಣ್ಣದ್ರ ಜತಿಗೆ ಕೂಡ್ಸು. ನೂರರ ಕಟ್ಟು ಮೊದ್ಲೇ ಬಿಚ್ಚಿದ್ರೆ ಅದನ್ನ ಎಷ್ಟು ಸಲ ತಿರುವಿ ಹಾಕ್ತಿ?"

ಹಾಗೇ ಮಾಡಿದೆ. 50, 100, 200, ಒಟ್ಟು 350. ಉಲ್ಟಾ ಮಾಡಿದರೆ ಏನಾಗುತ್ತದೆ ಎಂದು ದೊಡ್ಡದರಿಂದ ಶುರುಮಾಡಿದೆ. 150, 180, 200, ಒಟ್ಟು 530. ಹಾಳೆಯ ಅಂಚಿನಲ್ಲಿ 'ಗ್ರೀಡಿ' ಎಂದು ಬರೆದುಕೊಂಡೆ. ಅಪ್ಪ ಹೇಳಿದಂಥ ದಾರಿಗಳಿಗೆ ಪುಸ್ತಕದಲ್ಲಿ ಇರುವ ಹೆಸರು ಅದು.

"ಅಂದ್ರೇನು?"

"ದುರಾಸೆ."

"ಯಾರಿಗೆ, ನನಗಾ?" ಎಂದು ಅಪ್ಪ ಮೇಲೆದ್ದರು. ಆ ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಣ್ಣವು ಎರಡು ಮೊದಲು. ಈ ಒಂದು ಮಾತು 1951ರಲ್ಲಿ ಎಂಐಟಿಯ ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿಗೆ ತಿಂಗಳುಗಟ್ಟಲೆ ಹೊಳೆದಿರಲಿಲ್ಲ. ಅವನ ಮೇಷ್ಟ್ರು ರಾಬರ್ಟ್ ಫಾನೊ ತರಗತಿಗೆ ಒಂದು ಸವಲತ್ತು ಕೊಟ್ಟಿದ್ದರು: ಕೊನೆಯ ಪರೀಕ್ಷೆ ಬರೆಯಿರಿ, ಇಲ್ಲವೇ ಒಂದು ಪ್ರಬಂಧ ಕೊಡಿ. ಪರೀಕ್ಷೆ ತಪ್ಪಿಸಿಕೊಳ್ಳುವ ಆಸೆಗೆ ಹಫ್‌ಮನ್ ಪ್ರಬಂಧ ಆರಿಸಿಕೊಂಡ. ವಿಷಯ ಕೇಳಲು ಸಣ್ಣದು: ಹೆಚ್ಚು ಸಲ ಬರುವ ಅಕ್ಷರಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಟ್ಟು, ಇಡೀ ಬರಹ ಎಷ್ಟು ಚಿಕ್ಕದಾಗಬಹುದೋ ಅಷ್ಟು ಚಿಕ್ಕದು ಮಾಡಬೇಕು. ಫಾನೊ ಮತ್ತು ಕ್ಲಾಡ್ ಶಾನನ್ ಈ ಗಂಟಿಗೆ ಕೈಹಾಕಿ ಪೂರ್ತಿ ಬಿಚ್ಚಲಾಗದೆ ಬಿಟ್ಟಿದ್ದರು. ಅವರು ಮೇಲಿನಿಂದ ರಾಶಿ ಒಡೆಯುತ್ತ ಇಳಿದಿದ್ದರು. ಹಫ್‌ಮನ್ನನೂ ತಲೆ ಕೆಡಿಸಿಕೊಂಡು, ಇದು ಆಗುವ ಹೋಗುವ ಮಾತಲ್ಲ, ಪರೀಕ್ಷೆಗೇ ಓದೋಣ ಎಂದು ಟಿಪ್ಪಣಿಗಳನ್ನು ಕಸದ ಬುಟ್ಟಿಗೆ ಹಾಕುವ ಹೊತ್ತಿಗೆ ದಾರಿ ಕಂಡಿತಂತೆ: ಕೆಳಗಿಂದ ಹತ್ತು, ಅತಿ ಸಣ್ಣವೆರಡನ್ನು ಮೊದಲು ಕೂಡಿಸು, ಬಂದದ್ದನ್ನು ವಾಪಸು ಗುಂಪಿಗೆ ಹಾಕು, ಮತ್ತೆ ಸಣ್ಣವೆರಡು. 1952ರಲ್ಲಿ ಅಚ್ಚಾಯಿತು. ಇವತ್ತು ನಾವು ಮೊಬೈಲಿನಲ್ಲಿ ಕಳಿಸುವ ಜೆಪಿಇಜಿ ಫೋಟೋಗಳ ಹೊಟ್ಟೆಯಲ್ಲೂ ಅದು ಕೂತಿದೆ. ಒಬ್ಬ ಪರೀಕ್ಷೆ ತಪ್ಪಿಸಿಕೊಂಡದ್ದಕ್ಕೆ ಉಳಿದವರೆಲ್ಲ ಅಂದಿನಿಂದ ಪರೀಕ್ಷೆಯಲ್ಲಿ ಉತ್ತರ ಕೊಡುತ್ತಿದ್ದೇವೆ.

ನನ್ನ ರ್‍ಯಾಂಕು ನಾಲ್ಕಂಕಿಯದು ಬಂತು. ಆ ಗೇಟು ತೆರೆಯಲಿಲ್ಲ. ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ಬೆಂಗಳೂರಾಯಿತು. ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದರೂ ಯಾರೂ ನನಗೆ ನಾಲ್ಕು ಆಯ್ಕೆ ಕೊಟ್ಟು ಕೇಳಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗಳು ಗೇಟಿಗೆ ತಯಾರಿ ನಡೆಸಿದ್ದಳು. ಜೆರಾಕ್ಸೂ ಇಲ್ಲ, ಪೆನ್ಸಿಲ್ಲೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಮಾಕ್ ಟೆಸ್ಟು. 65 ಪ್ರಶ್ನೆ, 100 ಅಂಕ, ಉತ್ತರಿಸಿದ್ದು ಹಸಿರು, ಬಿಟ್ಟದ್ದು ಕೆಂಪು, ಆಮೇಲೆ ನೋಡೋಣ ಅಂದದ್ದು ನೇರಳೆ. ಕ್ಯಾಲ್ಕ್ಯುಲೇಟರೂ ಪರದೆಯ ಮೇಲೇ, ಮೌಸಿನಿಂದ ಒತ್ತಬೇಕು. "ಗೊತ್ತಿಲ್ಲದ್ದಕ್ಕೆ ಕಣ್ಣು ಮುಚ್ಚಿ ಒಂದು ಒತ್ತಿದ್ರೆ ಲಾಭನಾ ಮಾಮ?" ಎಂದಳು. ಒಂದಂಕದ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಅಂಕ ಕಳೆಯುತ್ತಾರೆ. ನಾಲ್ಕು ಸಲ ಒತ್ತಿದರೆ ಒಂದು ಸರಿ, ಮೂರು ತಪ್ಪು. ಬಂದ ಒಂದಂಕ ಹಾಗೇ ಹೋಯಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆಯನ್ನಾದರೂ ಇದು ಖಂಡಿತ ಅಲ್ಲ ಎಂದು ತೆಗೆದುಹಾಕಬಲ್ಲೆಯಾದರೆ ಒತ್ತು ಎಂದೆ. ಈಗ ಕೆಲವು ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಉತ್ತರದ ಸಂಖ್ಯೆಯನ್ನೇ ತುಂಬಬೇಕು. ಅಲ್ಲಿ ತಪ್ಪಿಗೆ ದಂಡವೂ ಇಲ್ಲ.

ಅಂಥದೊಂದು ಪ್ರಶ್ನೆಯ ಮುಂದೆ ಅವಳು, ಯಾವುದಕ್ಕೆ ಯಾವುದನ್ನು ಕೂಡಿಸಬೇಕೆಂದು ತೋರಿಸುವ ಮರ ಬರೆಯುತ್ತ ಕೂತಳು. ಅಪ್ಪನಿಗೆ ಈಗ ಎಪ್ಪತ್ತೆಂಟು. ಪರದೆ ಕಾಣದು.

"ಓದು ನೋಡಾಣ," ಎಂದರು.

"ಐದು ಫೈಲು ಅಜ್ಜ. ಹದಿನೈದು, ಇಪ್ಪತ್ತೈದು, ನಲವತ್ತು, ಅರವತ್ತು, ನೂರ ಹತ್ತು. ಕೂಡಿಸಬೇಕು."

ಅಪ್ಪ ಚಾವಣಿ ನೋಡಿದರು. ಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿತು. "ನಲವತ್ತು... ಎಂಬತ್ತು... ನೂರ ನಲವತ್ತು... ಇನ್ನೂರೈವತ್ತು. ಐನೂರ ಹತ್ತು."

ಅವಳ ಮರದಲ್ಲಿ ಇನ್ನೂ ಎರಡು ಕೊಂಬೆ ಬಾಕಿಯಿದ್ದವು. ಬರೆದು ಮುಗಿಸಿ, ಅಜ್ಜನ ಮುಖ ನೋಡಿ, 510 ಒತ್ತಿದಳು. ಹಸಿರಾಯಿತು.

"ಎಷ್ಟು ಅಂಕ ಇದಕ್ಕೆ?"

"ಎರಡು, ಅಜ್ಜ."

"ಎಲ್ಡಾ?" ಎಂದು ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪರವಾಗಿಲ್ಲ ಬಿಡು. ನಮ್ ಸಾವ್ಕಾರ ಅದೂ ಕೊಡ್ಲಿಲ್ಲ."